ಅಮೆರಿಕದ ಆರಂಭಕಾಲದ ಕಡಲ ಇತಿಹಾಸದಲ್ಲಿ ಕರಾವಳಿಯ ನೀರಿಗೆ ಇಷ್ಟು ಮಹತ್ವ ಏಕೆ?

ಪ್ರಶ್ನೆ (ಕೇಳಿದವರು: ಹಳೆನಕ್ಷೆ)

ಸುಮಾರು 1600ರಿಂದ 1825ರವರೆಗಿನ ಅಮೆರಿಕದ ಕಡಲ ಇತಿಹಾಸವನ್ನು ಈಚೆಗೆ ಓದುತ್ತಿದ್ದೇನೆ. ಈ ವಿಷಯದ ಬಗ್ಗೆ ಸಾಮಾನ್ಯವಾಗಿ ಸಿಗುವ ಬರಹಗಳಲ್ಲಿ ಎದ್ದು ಕಾಣುವುದು ಮಹಾಸಾಗರವೇ: ಅಟ್ಲಾಂಟಿಕ್ ದಾಟಿ ಬಂದ ವಲಸಿಗರು, ಆಫ್ರಿಕಾದಿಂದ ಗುಲಾಮರನ್ನು ಹೊತ್ತು ತಂದ ಹಡಗುಗಳು, ನಾಂಟುಕೆಟ್ ದ್ವೀಪದ ತಿಮಿಂಗಿಲ ಬೇಟೆಗಾರರು, 1784ರಲ್ಲಿ ಚೀನಾದ ಕ್ಯಾಂಟನ್‌ಗೆ ಹೊರಟ ಮೊದಲ ಅಮೆರಿಕನ್ ಹಡಗು, ಬ್ರಿಟನ್ ವಿರುದ್ಧದ 1812ರ ಯುದ್ಧದಲ್ಲಿ ಹೋರಾಡಿದ ಫ್ರಿಗೇಟ್ ಎಂಬ ಯುದ್ಧಹಡಗುಗಳು. ಇವೆಲ್ಲ ದೂರದ ನೀರಿನ ಕಥೆಗಳು. ಆದರೆ ಕೆಲವು ಇತಿಹಾಸಕಾರರು ದಡದಿಂದ ಕೆಲವೇ ಮೈಲಿಗಳೊಳಗಿನ ನೀರು, ಅಂದರೆ ಕೊಲ್ಲಿ, ಅಳಿವೆ, ಮರಳುದಿಣ್ಣೆಗಳ ನಡುವಿನ ಕಾಲುವೆಗಳು, ಈ ದೇಶವನ್ನು ರೂಪಿಸುವುದರಲ್ಲಿ ಅದಕ್ಕಿಂತ ದೊಡ್ಡ ಪಾತ್ರ ವಹಿಸಿತು ಎಂದು ವಾದಿಸುತ್ತಾರೆ.

ನನ್ನ ಸಂದೇಹ ಇಷ್ಟು. ಒಳ್ಳೆಯ ರಸ್ತೆಗಳಿಲ್ಲದ ಕಾಲದಲ್ಲಿ ಸರಕು ನೀರಿನ ಮೇಲೆ ಸಾಗುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ. ಅಮೆರಿಕದ ಕರಾವಳಿ ನೀರಿಗೆ ಅದನ್ನು ಮೀರಿದ ಚಾರಿತ್ರಿಕ ಮಹತ್ವ ಇತ್ತೇ? ಇದ್ದರೆ ಅದು ವ್ಯಾಪಾರದಲ್ಲೋ, ಮೀನುಗಾರಿಕೆಯಲ್ಲೋ, ಕಾನೂನಿನಲ್ಲೋ? ನಿರ್ದಿಷ್ಟ ಪ್ರಸಂಗಗಳ ಸಹಿತ ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಪಾಯಿಮರ)

ರಸ್ತೆ ಇರಲಿಲ್ಲ ಎಂಬುದು ಸರಿ, ಆದರೆ ಅಲ್ಲಿಗೆ ನಿಲ್ಲಿಸಿದರೆ ಆ ಕರಾವಳಿಯ ಸ್ವಭಾವ ತಿಳಿಯುವುದಿಲ್ಲ. ನಕ್ಷೆಯನ್ನು ಎದುರಿಗಿಟ್ಟುಕೊಂಡು ನೋಡಿ. ಉತ್ತರದಲ್ಲಿ ಮೇನ್‌ನ ಬಂಡೆಗಳು ಮತ್ತು ದ್ವೀಪಗಳು, ನಡುವೆ ಮೊಣಕೈಯಂತೆ ಬಾಗಿ ಸಮುದ್ರಕ್ಕೆ ಚಾಚಿರುವ ಕೇಪ್ ಕಾಡ್, ಅದರ ದಕ್ಷಿಣಕ್ಕೆ ನಾಂಟುಕೆಟ್‌ನ ಮರಳುದಿಣ್ಣೆಗಳು, ಆಮೇಲೆ ಡೆಲವೇರ್ ಮತ್ತು ಚೆಸಪೀಕ್ ಎಂಬ ಎರಡು ಬೃಹತ್ ಕೊಲ್ಲಿಗಳು, ಅವುಗಳ ಕೆಳಗೆ ಉತ್ತರ ಕ್ಯಾರೊಲೈನಾದ ತೆಳುವಾದ ಮರಳು ದ್ವೀಪಗಳ ಸಾಲು. ಆ ಸಾಲಿನ ಹಿಂದಿರುವ ಪ್ಯಾಮ್ಲಿಕೊ ಹಿನ್ನೀರು ಎಷ್ಟು ವಿಶಾಲವೆಂದರೆ, 1524ರಲ್ಲಿ ಹೊರಗಿನಿಂದ ನೋಡಿದ ಇಟಲಿಯ ನಾವಿಕ ವೆರಜ್ಜಾನೊ ಅದನ್ನು ಚೀನಾದ ಕಡೆಗೆ ಹೋಗುವ ಪೂರ್ವ ಸಮುದ್ರವೆಂದೇ ಭಾವಿಸಿದ, ಮತ್ತು ಆ ಭಾವನೆ ಎಷ್ಟೋ ದಶಕಗಳ ಕಾಲ ಯುರೋಪಿನ ನಕ್ಷೆಗಳಲ್ಲಿ ಉಳಿದುಕೊಂಡಿತು.

ಈ ನೀರು ಯಾರು ಎಲ್ಲಿ ನೆಲೆಸಬೇಕೆಂಬುದನ್ನೂ ನಿರ್ಧರಿಸಿತು. 1620ರ ನವೆಂಬರಿನಲ್ಲಿ ಇಂಗ್ಲೆಂಡಿನ ವಲಸಿಗರನ್ನು ಹೊತ್ತ ಮೇಫ್ಲವರ್ ಹಡಗು ಕೇಪ್ ಕಾಡನ್ನು ಕಂಡಾಗ ಅದರ ಗುರಿ ಹಡ್ಸನ್ ನದಿಯ ಆಸುಪಾಸಿನ ಪ್ರದೇಶವಾಗಿತ್ತು. ಹಡಗು ದಕ್ಷಿಣಕ್ಕೆ ತಿರುಗಿತು, ಅರ್ಧ ದಿನದೊಳಗೆ ಮರಳುದಿಣ್ಣೆಗಳ ನಡುವೆ, ಒಡೆಯುವ ಅಲೆಗಳ ಮಧ್ಯೆ ಸಿಕ್ಕಿಕೊಂಡಿತು, ಕೊನೆಗೆ ಹಿಂದಿರುಗಿ ಇಂದಿನ ಪ್ರಾವಿನ್ಸ್‌ಟೌನ್ ಬಂದರಿನಲ್ಲಿ ಲಂಗರು ಹಾಕಿತು. ಅವರ ಕೈಯಲ್ಲಿದ್ದ ಪರವಾನಗಿ ಆ ಜಾಗಕ್ಕೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ದಡಕ್ಕಿಳಿದ ಮೇಲೆ ತಮ್ಮ ಮೇಲೆ ಯಾರ ಅಧಿಕಾರವೂ ನಡೆಯದು ಎಂದು ಕೆಲವರು ಗೊಣಗತೊಡಗಿದರು. ಆ ಗೊಣಗಾಟವನ್ನು ತಡೆಯಲೆಂದೇ ಹಡಗಿನಲ್ಲಿದ್ದ 41 ಗಂಡಸರು ಸಹಿ ಹಾಕಿದ ಒಪ್ಪಂದವನ್ನು ಇಂದು ಅಮೆರಿಕದ ಸ್ವಯಮಾಡಳಿತದ ಮೊದಲ ದಾಖಲೆಗಳಲ್ಲಿ ಒಂದೆಂದು ಕೊಂಡಾಡುತ್ತಾರೆ. ಕೇಪ್ ಕಾಡ್‌ನ ದಕ್ಷಿಣಕ್ಕೆ ನೀರು ಆಳವಾಗಿದ್ದಿದ್ದರೆ ಆ ಕಾಗದದ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಚೆಸಪೀಕ್‌ನಲ್ಲಿ ಇದರ ವಿರುದ್ಧ ಪರಿಸ್ಥಿತಿ. ಪೊಟೊಮ್ಯಾಕ್, ರಾಪಹ್ಯಾನಕ್, ಯಾರ್ಕ್, ಜೇಮ್ಸ್ ನದಿಗಳಲ್ಲಿ ಉಬ್ಬರದ ನೀರು ಬಹುದೂರ ಒಳನಾಡಿಗೆ ಏರುತ್ತಿದ್ದುದರಿಂದ ಲಂಡನ್ನಿನ ಹಡಗುಗಳು ನೇರವಾಗಿ ತಂಬಾಕು ತೋಟದ ಮಾಲೀಕನ ಸ್ವಂತ ಧಕ್ಕೆಗೇ ಬಂದು ಪೀಪಾಯಿಗಳನ್ನು ತುಂಬಿಕೊಳ್ಳುತ್ತಿದ್ದವು. ಪ್ರತಿ ತೋಟವೂ ಒಂದು ಪುಟ್ಟ ಬಂದರಾದ ಮೇಲೆ ಬಂದರು ನಗರ ಯಾರಿಗೆ ಬೇಕು? ಬಾಸ್ಟನ್, ನ್ಯೂಯಾರ್ಕ್, ಫಿಲಡೆಲ್ಫಿಯಾಗಳು ಬೆಳೆಯುತ್ತಿದ್ದ ಕಾಲದಲ್ಲಿ ವರ್ಜಿನಿಯಾದಲ್ಲಿ ದೊಡ್ಡ ಪಟ್ಟಣವೇ ಇಲ್ಲದಿದ್ದುದಕ್ಕೆ ಇದೂ ಒಂದು ಮುಖ್ಯ ಕಾರಣ.

ಈ ನೀರಿನಲ್ಲಿ ಓಡಾಡಿದ್ದು ದೊಡ್ಡ ಹಡಗುಗಳಲ್ಲ, ಸ್ಲೂಪ್ ಮತ್ತು ಸ್ಕೂನರ್‌ಗಳೆಂಬ ಸಣ್ಣ ಹಾಯಿಹಡಗುಗಳು. ಅವುಗಳ ಹಾಯಿಗಳು ಹಡಗಿನ ಉದ್ದಕ್ಕೂ ಕಟ್ಟಿದವಾದ್ದರಿಂದ ಎದುರುಗಾಳಿಗೆ ಓರೆಯಾಗಿ ಸಾಗಬಲ್ಲವು, ನಾಲ್ಕಾರು ಜನ ಸಾಕು, ತಳ ಹೆಚ್ಚು ಆಳಕ್ಕಿಳಿಯುವುದಿಲ್ಲ. ಅವುಗಳನ್ನು ಅಪಾಯವಿಲ್ಲದೆ ನಡೆಸಲು ಹಡಗಿಗೆ ನೀರಿನಲ್ಲಿ ದಾರಿ ತೋರುವ ಸ್ಥಳೀಯ ಪೈಲಟ್‌ಗಳು ಬೇಕು, ಮತ್ತು ದಕ್ಷಿಣದ ವಸಾಹತುಗಳಲ್ಲಿ ಆ ಪೈಲಟ್‌ಗಳಲ್ಲಿ ಅನೇಕರು ಗುಲಾಮಗಿರಿಯಲ್ಲಿದ್ದ ಕಪ್ಪು ಜನರು. ಮರಳು ಪ್ರತಿ ಬಿರುಗಾಳಿಗೂ ಜಾಗ ಬದಲಿಸುವ, ಉತ್ತರ ಕ್ಯಾರೊಲೈನಾದ ಒಕ್ರಕೋಕ್‌ನಂಥ ಕಡೆಗಳಲ್ಲಿ ಅಚ್ಚಾದ ನಕ್ಷೆಗಿಂತ ಅವರ ಕಣ್ಣಂದಾಜಿಗೇ ಬೆಲೆ. ಅವರ ಪೈಪೋಟಿಯನ್ನು ತಡೆಯಬೇಕೆಂದು ಬಿಳಿಯ ಪೈಲಟ್‌ಗಳು ಸರ್ಕಾರಕ್ಕೆ ಅರ್ಜಿ ಬರೆದುಕೊಂಡದ್ದೂ ಉಂಟು.

ಸ್ಥಳೀಯ ನೀರಿನ ಅರಿವು ಎಷ್ಟು ಹರಿತವಾದ ಆಯುಧವಾಗಬಲ್ಲದು ಎಂಬುದಕ್ಕೆ 1772ರ ಜೂನ್ 9ರಂದು ನರಗ್ಯಾನ್ಸೆಟ್ ಕೊಲ್ಲಿಯಲ್ಲಿ ನಡೆದದ್ದನ್ನು ನೋಡಬೇಕು. ಕಳ್ಳಸಾಗಣೆ ತಡೆಯಲು ನಿಯೋಜಿತವಾಗಿದ್ದ ಬ್ರಿಟಿಷ್ ಸ್ಕೂನರ್ ಗ್ಯಾಸ್ಪಿ, ನ್ಯೂಪೋರ್ಟ್‌ನಿಂದ ಪ್ರಾವಿಡೆನ್ಸ್‌ಗೆ ಹೊರಟಿದ್ದ ಹ್ಯಾನಾ ಎಂಬ ಹಡಗನ್ನು ಬೆನ್ನಟ್ಟಿತು. ಹ್ಯಾನಾದ ಕಪ್ತಾನ ಬೆಂಜಮಿನ್ ಲಿಂಡ್ಸಿ ಇಳಿತದ ಹೊತ್ತು ನೋಡಿಕೊಂಡು ನಾಮ್‌ಕ್ವಿಡ್ ಎಂಬ ಚಾಚುನೆಲದ ಬಳಿಯ ಆಳವಿಲ್ಲದ ನೀರಿನ ಮೇಲೆ ತನ್ನ ಹಡಗನ್ನು ಹಾಯಿಸಿದ. ಅದರ ತಳ ಮೇಲಿದ್ದುದರಿಂದ ದಾಟಿತು, ಹಿಂದೆಯೇ ಬಂದ ಗ್ಯಾಸ್ಪಿ ಮರಳಿನಲ್ಲಿ ಕೂತುಬಿಟ್ಟಿತು. ಮಧ್ಯರಾತ್ರಿ ಕಳೆದು ಉಬ್ಬರ ಬರುವ ತನಕ ಅದು ಅಲ್ಲಾಡುವಂತಿರಲಿಲ್ಲ. ಸುದ್ದಿ ತಿಳಿದ ಪ್ರಾವಿಡೆನ್ಸ್‌ನ ಜನ, ಜಾನ್ ಬ್ರೌನ್‌ನಂಥ ಪ್ರತಿಷ್ಠಿತ ವ್ಯಾಪಾರಿಯ ಮುಂದಾಳತ್ವದಲ್ಲಿ, ಸದ್ದಾಗದಂತೆ ಹುಟ್ಟುಗಳಿಗೆ ಬಟ್ಟೆ ಸುತ್ತಿ ದೋಣಿಗಳಲ್ಲಿ ಹೋದರು, ಅದರ ಅಧಿಕಾರಿ ಡಡಿಂಗ್‌ಸ್ಟನ್‌ಗೆ ಗುಂಡು ಹೊಡೆದು ಗಾಯಗೊಳಿಸಿದರು, ನಾವಿಕರನ್ನು ದಡಕ್ಕಿಳಿಸಿ ಹಡಗಿಗೆ ಬೆಂಕಿಯಿಟ್ಟರು. ತಪ್ಪಿತಸ್ಥರನ್ನು ಇಂಗ್ಲೆಂಡಿಗೆ ಒಯ್ದು ವಿಚಾರಣೆ ಮಾಡುವ ಮಾತು ಬಂದಾಗ ವಸಾಹತುಗಳು ಬೆಚ್ಚಿದವು, ಮತ್ತು 1773ರ ಮಾರ್ಚ್‌ನಲ್ಲಿ ವರ್ಜಿನಿಯಾದ ಶಾಸನಸಭೆ ಇತರ ವಸಾಹತುಗಳೊಡನೆ ಪತ್ರವ್ಯವಹಾರಕ್ಕಾಗಿಯೇ ಒಂದು ಸಮಿತಿಯನ್ನು ನೇಮಿಸಿತು. ಬಾಸ್ಟನ್‌ನ ಚಹಾ ಪ್ರಸಂಗಕ್ಕೆ ಸಿಕ್ಕ ಪ್ರಚಾರ ಇದಕ್ಕೆ ಸಿಗಲಿಲ್ಲ, ನನ್ನ ಮಟ್ಟಿಗೆ ಇದು ಅದಕ್ಕಿಂತ ದಿಟ್ಟವಾದದ್ದು.

ಉತ್ತರ 2 (ಸುಂಕದಕಟ್ಟೆ)

ಪಾಯಿಮರ ಅವರು ಭೂಗೋಳವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಕಾನೂನಿನ ಕಡೆಯಿಂದ ಬರುತ್ತೇನೆ, ಏಕೆಂದರೆ ಮೂಲ ಪ್ರಶ್ನೆಗೆ ಗಟ್ಟಿಯಾದ ಉತ್ತರ ಇರುವುದು ಅಲ್ಲೇ ಎಂದು ನನ್ನ ಅಭಿಪ್ರಾಯ. ಅಮೆರಿಕದ ಒಕ್ಕೂಟ ಸರ್ಕಾರ ಹುಟ್ಟಿದ್ದಕ್ಕೆ ಒಂದು ನೇರ ಕಾರಣ ಚೆಸಪೀಕ್ ಕೊಲ್ಲಿಯ ನೀರಿನ ತಗಾದೆ.

ಬ್ರಿಟನ್ನಿನಿಂದ ಬಿಡುಗಡೆಯಾದ ಮೇಲೆ ಪ್ರತಿ ರಾಜ್ಯವೂ ತನ್ನ ನೀರಿಗೆ ತಾನೇ ಒಡೆಯ. 1632ರ ಸನದಿನ ಪ್ರಕಾರ ಪೊಟೊಮ್ಯಾಕ್ ನದಿ ವರ್ಜಿನಿಯಾದ ದಡದವರೆಗೂ ಮೇರಿಲ್ಯಾಂಡ್‌ಗೆ ಸೇರಿದ್ದು. ಆದರೆ ಮೇರಿಲ್ಯಾಂಡ್‌ನ ಹಡಗುಗಳು ಸಮುದ್ರ ಸೇರಬೇಕಾದರೆ ಕೊಲ್ಲಿಯ ಬಾಯಲ್ಲಿ ವರ್ಜಿನಿಯಾದ ಹಿಡಿತದಲ್ಲಿದ್ದ ಎರಡು ಭೂಶಿರಗಳ ನಡುವೆಯೇ ಹಾದುಹೋಗಬೇಕು. ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿ. 1785ರ ಮಾರ್ಚ್‌ನಲ್ಲಿ ಎರಡೂ ರಾಜ್ಯಗಳ ಪ್ರತಿನಿಧಿಗಳು ಅಲೆಕ್ಸಾಂಡ್ರಿಯಾದಲ್ಲಿ ಸೇರಿದಾಗ ಜಾರ್ಜ್ ವಾಷಿಂಗ್ಟನ್ ಅವರನ್ನು ಹತ್ತಿರದಲ್ಲೇ ಇದ್ದ ತನ್ನ ಮೌಂಟ್ ವರ್ನನ್ ಮನೆಗೆ ಕರೆದ. ಅಲ್ಲಿ ಆದ ಒಪ್ಪಂದವನ್ನು ಓದಿದರೆ ಅದು ಎಷ್ಟು ದಿನಬಳಕೆಯ ಸಂಗತಿಗಳದು ಎಂದು ಆಶ್ಚರ್ಯವಾಗುತ್ತದೆ: ಮೇರಿಲ್ಯಾಂಡ್‌ಗೆ ಹೋಗುವ ಹಡಗುಗಳಿಗೆ ಭೂಶಿರಗಳ ಬಳಿ ವರ್ಜಿನಿಯಾ ಸುಂಕ ಹಾಕುವಂತಿಲ್ಲ, ಪೊಟೊಮ್ಯಾಕ್ ಇಬ್ಬರಿಗೂ ಸಾಮಾನ್ಯ ಹೆದ್ದಾರಿ, ನದಿಯ ಮೀನು ಇಬ್ಬರಿಗೂ ಸೇರಿದ್ದು, ದೀಪಸ್ತಂಭ ಮತ್ತು ತೇಲುಗುರುತುಗಳ ಖರ್ಚನ್ನು ಇಬ್ಬರೂ ಹಂಚಿಕೊಳ್ಳಬೇಕು.

ಈ ಒಪ್ಪಂದ ಫಲ ಕೊಟ್ಟದ್ದರಿಂದ ಎಲ್ಲ ರಾಜ್ಯಗಳ ವ್ಯಾಪಾರದ ಬಗ್ಗೆಯೂ ಚರ್ಚಿಸೋಣವೆಂದು ವರ್ಜಿನಿಯಾ ಕರೆ ಕೊಟ್ಟಿತು. 1786ರ ಸೆಪ್ಟೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಅನಾಪೊಲಿಸ್‌ನಲ್ಲಿ ಸಭೆ ಸೇರಿತು. ಬಂದವರು ಐದು ರಾಜ್ಯಗಳ ಹನ್ನೆರಡು ಜನ ಮಾತ್ರ, ಆತಿಥೇಯ ಮೇರಿಲ್ಯಾಂಡೇ ಪ್ರತಿನಿಧಿಗಳನ್ನು ಕಳಿಸಿರಲಿಲ್ಲ. ಬಂದವರು ಬರಿಗೈಯಲ್ಲಿ ಹಿಂದಿರುಗದೆ ಮುಂದಿನ ವರ್ಷ ಫಿಲಡೆಲ್ಫಿಯಾದಲ್ಲಿ ದೊಡ್ಡ ಸಭೆ ಸೇರಬೇಕೆಂದು ಶಿಫಾರಸು ಮಾಡಿದರು, ಮತ್ತು ಆ ಸಭೆಯೇ ಸಂವಿಧಾನವನ್ನು ಬರೆಯಿತು. ಸಂವಿಧಾನದ ಒಂದನೆಯ ವಿಧಿಯ ಒಂಬತ್ತನೆಯ ಪರಿಚ್ಛೇದದಲ್ಲಿ ಒಂದು ರಾಜ್ಯದ ಬಂದರಿಗೆ ಮತ್ತೊಂದರ ಬಂದರಿಗಿಂತ ಹೆಚ್ಚಿನ ಮನ್ನಣೆ ಕೊಡಬಾರದು, ಒಂದು ರಾಜ್ಯಕ್ಕೆ ಹೋಗುವ ಅಥವಾ ಅಲ್ಲಿಂದ ಬರುವ ಹಡಗನ್ನು ಇನ್ನೊಂದು ರಾಜ್ಯದಲ್ಲಿ ನಿಲ್ಲಿಸಿ ಸುಂಕ ಕೊಡುವಂತೆ ಒತ್ತಾಯಿಸಬಾರದು ಎಂಬ ಮಾತಿದೆ. ಚೆಸಪೀಕ್‌ನ ಬಾಯನ್ನು ದಾಟಬೇಕಿದ್ದ ಮೇರಿಲ್ಯಾಂಡ್‌ನ ಭಯ ಆ ವಾಕ್ಯದಲ್ಲಿ ಹಾಗೇ ಉಳಿದಿದೆ.

ಹೊಸ ಸರ್ಕಾರ ಕೆಲಸ ಶುರುಮಾಡಿದ್ದೂ ನೀರಿನ ಅಂಚಿನಲ್ಲಿಯೇ. 1789ರ ಜುಲೈನ ಕಾಯಿದೆ ಅಮೆರಿಕನ್ ಹಡಗಿಗೆ ಟನ್ನಿಗೆ 6 ಸೆಂಟ್, ವಿದೇಶದಲ್ಲಿ ಕಟ್ಟಿದ ವಿದೇಶೀಯರ ಹಡಗಿಗೆ 50 ಸೆಂಟ್ ತೆರಿಗೆ ಹಾಕಿತು. ಪರವಾನಗಿ ಪಡೆದು ಒಂದು ಅಮೆರಿಕನ್ ಬಂದರಿನಿಂದ ಇನ್ನೊಂದಕ್ಕೆ ಸರಕು ಸಾಗಿಸುವ ಅಮೆರಿಕನ್ ಹಡಗು ವರ್ಷಕ್ಕೆ ಒಂದೇ ಸಲ ಆ ತೆರಿಗೆ ಕೊಟ್ಟರೆ ಸಾಕು, ವಿದೇಶಿ ಹಡಗು ಬಂದರು ಹೊಕ್ಕಾಗಲೆಲ್ಲ ಕೊಡಬೇಕು. ಕರಾವಳಿ ವ್ಯಾಪಾರವನ್ನು ಸ್ವದೇಶಿ ಹಡಗುಗಳಿಗೆ ಕಾದಿರಿಸುವ ಈ ನೀತಿ 1817ರಲ್ಲಿ ವಿದೇಶಿ ಹಡಗುಗಳಿಗೆ ಪೂರ್ಣ ನಿಷೇಧವಾಗಿ ಗಟ್ಟಿಗೊಂಡಿತು. 1789ರ ಆಗಸ್ಟ್ 7ರಂದು ದೀಪಸ್ತಂಭಗಳು ಒಕ್ಕೂಟದ ಹೊಣೆಗೆ ಬಂದವು. ಮರುವರ್ಷ ಆಗಸ್ಟ್ 4ರಂದು, ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್‌ನ ಕೋರಿಕೆಯಂತೆ, ಕಳ್ಳಸಾಗಣೆ ತಡೆಯಲು ಹತ್ತು ಕಾವಲು ಹಡಗುಗಳಿಗೆ ಮಂಜೂರಾತಿ ಸಿಕ್ಕಿತು. ಹಳೆಯ ನೌಕಾಪಡೆಯ ಕೊನೆಯ ಹಡಗನ್ನು 1785ರಲ್ಲೇ ಮಾರಿಬಿಟ್ಟಿದ್ದರು. ಹೊಸ ನೌಕಾಪಡೆ ನೀರಿಗಿಳಿಯುವ ತನಕ ಸರ್ಕಾರದ ಬಳಿ ಇದ್ದ ಸಶಸ್ತ್ರ ಹಡಗುಗಳೆಂದರೆ ಸುಂಕದವರ ಈ ಸಣ್ಣ ಹಡಗುಗಳೇ. ಒಕ್ಕೂಟದ ವರಮಾನದ ಬಹುಪಾಲು ಆಮದು ಸುಂಕದಿಂದಲೇ ಬರುತ್ತಿದ್ದಾಗ ಬಂದರಿನ ಬಾಯಿಯನ್ನು ಕಾಯುವುದೆಂದರೆ ಖಜಾನೆಯನ್ನೇ ಕಾಯುವುದು.

ಹಾಗಾದರೆ ಈ ನೀರು ಎಲ್ಲಿಗೆ ಮುಗಿಯುತ್ತದೆ? ಇದನ್ನು ನಿರ್ಧರಿಸುವ ಪ್ರಸಂಗ 1793ರಲ್ಲಿ ತಾನಾಗಿ ಒದಗಿತು. ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಯುದ್ಧ ಶುರುವಾಗಿತ್ತು, ಅಮೆರಿಕ ತಟಸ್ಥವಾಗಿತ್ತು. ಏಪ್ರಿಲ್ ತಿಂಗಳಿನಲ್ಲಿ, ಫ್ರಾನ್ಸಿನ ಹೊಸ ರಾಯಭಾರಿ ಜೆನೆಯನ್ನು ಚಾರ್ಲ್ಸ್‌ಟನ್ನಿನಲ್ಲಿ ಇಳಿಸಿ ಬಂದಿದ್ದ ಅಂಬುಸ್ಕಾದ್ ಎಂಬ ಫ್ರೆಂಚ್ ಫ್ರಿಗೇಟ್, ಡೆಲವೇರ್ ಕೊಲ್ಲಿಯೊಳಗೇ ಗ್ರೇಂಜ್ ಎಂಬ ಬ್ರಿಟಿಷ್ ವ್ಯಾಪಾರಿ ಹಡಗನ್ನು ಹಿಡಿದು ಫಿಲಡೆಲ್ಫಿಯಾಕ್ಕೆ ತಂದಿತು. ಕೊಲ್ಲಿಯನ್ನು ಅಮೆರಿಕದ ನೆಲವೇ ಸುತ್ತುವರಿದಿರುವುದರಿಂದ ಅದು ಪೂರ್ತಿಯಾಗಿ ಅಮೆರಿಕದ್ದು ಎಂದು ಅಟಾರ್ನಿ ಜನರಲ್ ಎಡ್ಮಂಡ್ ರ‍್ಯಾಂಡಾಲ್ಫ್ ಅಭಿಪ್ರಾಯ ಕೊಟ್ಟ, ಹಡಗನ್ನು ಬಿಡಿಸಲಾಯಿತು. ಆದರೆ ತೆರೆದ ಕರಾವಳಿಗೆ ಒಂದು ಅಳತೆ ಬೇಕಿತ್ತು. ನವೆಂಬರ್ 8ರಂದು ವಿದೇಶಾಂಗ ಕಾರ್ಯದರ್ಶಿ ಜೆಫರ್ಸನ್ ಬ್ರಿಟನ್ ಮತ್ತು ಫ್ರಾನ್ಸಿನ ರಾಯಭಾರಿಗಳಿಗೆ ಪತ್ರ ಬರೆದು, ಕಣ್ಣಿಗೆ ಕಾಣುವಷ್ಟು ದೂರದವರೆಗೆ, ಅಂದರೆ ಇಪ್ಪತ್ತು ಮೈಲಿಗೂ ಹೆಚ್ಚಿನ ನೀರಿನ ಮೇಲೆ ಹಕ್ಕು ಹೇಳಿದ ದೇಶಗಳಿವೆ, ಫಿರಂಗಿ ಗುಂಡು ಮುಟ್ಟುವಷ್ಟಕ್ಕೆ ತೃಪ್ತರಾದವರೂ ಇದ್ದಾರೆ, ತಾವು ಸದ್ಯಕ್ಕೆ ದಡದಿಂದ ಒಂದು ಕಡಲ ಲೀಗ್, ಅಂದರೆ ಮೂರು ಮೈಲಿಗೆ ನಿಲ್ಲುತ್ತೇವೆ ಎಂದು ತಿಳಿಸಿದ. ಫಿರಂಗಿಯ ಅಳತೆಯನ್ನು ಡಚ್ ನ್ಯಾಯಶಾಸ್ತ್ರಜ್ಞ ಬಿಂಕರ್‌ಶೂಕ್ 1702ರಲ್ಲೇ ಹೇಳಿದ್ದ. ಒಂದು ಸರ್ಕಾರ ಅದನ್ನು ನಿಶ್ಚಿತ ಮೈಲಿಗಳಿಗೆ ಇಳಿಸಿ ಅಧಿಕೃತವಾಗಿ ಘೋಷಿಸಿದ ಆರಂಭದ ಪ್ರಸಂಗಗಳಲ್ಲಿ ಇದು ಪ್ರಮುಖವಾದದ್ದು. ಸದ್ಯಕ್ಕೆ ಎಂದು ಹೇಳಿದ ಆ ಮೂರು ಮೈಲಿ ಸುಮಾರು ಇನ್ನೂರು ವರ್ಷ ಬಾಳಿತು. ಅಮೆರಿಕ ಅದನ್ನು ಹನ್ನೆರಡು ಮೈಲಿಗೆ ಹೆಚ್ಚಿಸಿದ್ದು 1988ರಲ್ಲಿ. ಬ್ರಿಟಿಷರ ಮೂಲಕ ನಮ್ಮ ಕರಾವಳಿಗೂ ಇದೇ ಅಳತೆ ಬಂದಿತ್ತು, ಭಾರತ ಅದನ್ನು 1956ರಲ್ಲಿ ಆರು ಮೈಲಿಗೆ, 1967ರಲ್ಲಿ ಹನ್ನೆರಡಕ್ಕೆ ವಿಸ್ತರಿಸಿತು.

ಕೊನೆಯದಾಗಿ 1824ರ ಗಿಬ್ಬನ್ಸ್ ಮತ್ತು ಆಗ್ಡನ್ ಮೊಕದ್ದಮೆ. ನ್ಯೂಯಾರ್ಕ್ ರಾಜ್ಯ ತನ್ನ ನೀರಿನಲ್ಲಿ ಉಗಿದೋಣಿ ನಡೆಸುವ ಏಕಸ್ವಾಮ್ಯವನ್ನು ಲಿವಿಂಗ್‌ಸ್ಟನ್ ಮತ್ತು ಫುಲ್ಟನ್‌ಗೆ ಬರೆದುಕೊಟ್ಟಿತ್ತು, ಅವರಿಂದ ಆ ಹಕ್ಕನ್ನು ಪಡೆದಿದ್ದವನು ಆಗ್ಡನ್. ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ದೋಣಿ ಓಡಿಸುತ್ತಿದ್ದ ಗಿಬ್ಬನ್ಸ್‌ನ ಬಳಿ ಇದ್ದದ್ದು 1793ರ ಒಕ್ಕೂಟ ಕಾಯಿದೆಯ ಪ್ರಕಾರ ಪಡೆದ ಕರಾವಳಿ ಸಂಚಾರದ ಒಂದು ಸಾಧಾರಣ ಪರವಾನಗಿ. ಮುಖ್ಯ ನ್ಯಾಯಮೂರ್ತಿ ಮಾರ್ಷಲ್, ವಾಣಿಜ್ಯವೆಂದರೆ ನೌಕಾಯಾನವೂ ಸೇರುತ್ತದೆ, ಒಕ್ಕೂಟದ ಪರವಾನಗಿಯ ಮುಂದೆ ರಾಜ್ಯದ ಏಕಸ್ವಾಮ್ಯ ನಿಲ್ಲದು ಎಂದು ತೀರ್ಪು ಕೊಟ್ಟ. ಅಮೆರಿಕದ ಕೇಂದ್ರ ಸರ್ಕಾರದ ಆರ್ಥಿಕ ಅಧಿಕಾರದ ಬಹುಭಾಗ ಇಂದಿಗೂ ಒರಗಿ ನಿಂತಿರುವ ತೀರ್ಪು ಇದು. ಗಿಬ್ಬನ್ಸ್‌ನ ದೋಣಿಯ ಕಪ್ತಾನನಾಗಿದ್ದವನು ಮುಂದೆ ಕೋಟ್ಯಧೀಶನಾದ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್.

ಉತ್ತರ 3 (ಒಣಮೀನು)

ಸುಂಕದಕಟ್ಟೆಯವರ ಉತ್ತರ ವಿವರವಾಗಿದೆ, ಆದರೆ ಅದನ್ನು ಓದಿದವರಿಗೆ ಈ ನೀರಿನಲ್ಲಿ ವಕೀಲರೂ ಸುಂಕದವರೂ ಮಾತ್ರ ಓಡಾಡುತ್ತಿದ್ದರು ಎನ್ನಿಸೀತು. ಕಾನೂನು ಬಂದದ್ದು ಬಹಳ ತಡವಾಗಿ. ಅದಕ್ಕೂ ಒಂದೂವರೆ ಶತಮಾನ ಮೊದಲೇ ಮೀನು ಆ ನೀರಿನ ಬೆಲೆಯನ್ನು ನಿಗದಿ ಮಾಡಿತ್ತು.

ಕಾಡ್ ಮೀನಿನ ವಿಷಯದಲ್ಲಿ ಜನ ನ್ಯೂಫೌಂಡ್‌ಲ್ಯಾಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್‌ನ ದೂರದ ನೀರನ್ನಷ್ಟೇ ನೆನೆಯುತ್ತಾರೆ. ಮಂಜುಗಡ್ಡೆಯಲ್ಲಿ ಮೀನಿಡುವ ಕ್ರಮ ಇಲ್ಲದ ಕಾಲದಲ್ಲಿ ಹಿಡಿಯುವುದು ಅರ್ಧ ಕೆಲಸ ಮಾತ್ರ. ದಡಕ್ಕೆ ತಂದು, ತಲೆ ತೆಗೆದು, ಬೆನ್ನುಮೂಳೆ ಬಿಡಿಸಿ ಚಪ್ಪಟೆಯಾಗಿ ಸೀಳಿ, ಉಪ್ಪು ಹಚ್ಚಿಟ್ಟು, ಆಮೇಲೆ ತೊಳೆದು, ಸೊಂಟದೆತ್ತರದ ಮರದ ಅಟ್ಟಣೆಗಳ ಮೇಲೆ ಗಾಳಿ ಕೆಳಗಿನಿಂದಲೂ ಆಡುವಂತೆ ಹರಡಬೇಕು. ಬಿಸಿಲು ಹೆಚ್ಚಾದರೆ ಮೀನು ಬೆಂದಂತಾಗಿ ಒಡೆಯುತ್ತದೆ, ಇಬ್ಬನಿ ಬಿದ್ದರೆ ಕೊಳೆಯುತ್ತದೆ. ಆದ್ದರಿಂದ ಹಗಲು ತಿರುವಿಹಾಕುವುದು, ಸಂಜೆ ಚರ್ಮದ ಬದಿ ಮೇಲಾಗಿ ಒಟ್ಟಿ ಮುಚ್ಚುವುದು, ಬೆಳಗ್ಗೆ ಮತ್ತೆ ಹರಡುವುದು. ಹೀಗೆ ಒಣಗಿದ ಮೊದಲ ದರ್ಜೆಯ ಮೀನು ಸ್ಪೇನ್ ಮತ್ತು ಪೋರ್ಚುಗಲ್‌ಗೆ ಹೋಗುತ್ತಿತ್ತು. ಕೆಟ್ಟದ್ದು, ಮುರಿದದ್ದು ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳ ಗುಲಾಮರ ಊಟಕ್ಕೆ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಧರ್ಮನಿಷ್ಠ ಊರುಗಳ ಸಂಪತ್ತಿನಲ್ಲಿ ಆ ಎರಡನೆಯ ಮಾರುಕಟ್ಟೆಯ ಪಾಲು ಎಷ್ಟೆಂಬುದನ್ನು ಅವರ ಸ್ಮಾರಕಗಳು ಹೇಳುವುದಿಲ್ಲ. ಮ್ಯಾಸಚೂಸೆಟ್ಸ್ ಶಾಸನಸಭೆಯಲ್ಲಿ 1784ರಲ್ಲಿ ತೂಗುಹಾಕಿದ ಮರದ ಕಾಡ್ ಮೀನು ಇಂದಿಗೂ ಅಲ್ಲಿದೆ.

ಮೀನು ಒಣಗಿಸುವ ದಡ ಸಿಗದಿದ್ದರೆ ಮೀನು ಹಿಡಿಯುವ ಹಕ್ಕಿನಿಂದ ಅರೆ ಪ್ರಯೋಜನ ಎಂಬುದು ಅಮೆರಿಕದ ಸಂಧಾನಕಾರ ಜಾನ್ ಆಡಮ್ಸ್‌ಗೆ ಚೆನ್ನಾಗಿ ಗೊತ್ತಿತ್ತು. 1782ರ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಶಾಂತಿಯ ಮಾತುಕತೆ ನಡೆಯುವಾಗ ಆತ ಈ ವಿಷಯದಲ್ಲಿ ಪಟ್ಟು ಸಡಿಲಿಸಲಿಲ್ಲ. 1783ರ ಒಪ್ಪಂದದ ಮೂರನೆಯ ವಿಧಿ ಅಮೆರಿಕನ್ನರಿಗೆ ಗ್ರ್ಯಾಂಡ್ ಬ್ಯಾಂಕ್ಸ್‌ನಲ್ಲಿ ಹಿಡಿಯಲು ಮಾತ್ರವಲ್ಲ, ನೋವಾ ಸ್ಕಾಟಿಯಾ, ಮ್ಯಾಗ್ಡಲೆನ್ ದ್ವೀಪಗಳು ಮತ್ತು ಲ್ಯಾಬ್ರಡಾರ್‌ನ ಜನವಸತಿಯಿಲ್ಲದ ಕೊಲ್ಲಿಗಳಲ್ಲಿ ಮೀನು ಒಣಗಿಸಲೂ ಅವಕಾಶ ಕೊಟ್ಟಿತು. 1812ರ ಯುದ್ಧದಿಂದ ಆ ದಡದ ಅವಕಾಶ ರದ್ದಾಯಿತೆಂದು ಬ್ರಿಟನ್ ವಾದಿಸಿತು, ಅಮೆರಿಕನ್ ದೋಣಿಗಳನ್ನು ಹಿಡಿಯತೊಡಗಿತು. 1818ರ ಒಪ್ಪಂದದಲ್ಲಿ ಅಮೆರಿಕ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್‌ನ ಕೆಲವು ಭಾಗಗಳನ್ನೂ ಮ್ಯಾಗ್ಡಲೆನ್ ದ್ವೀಪಗಳ ತೀರವನ್ನೂ ಉಳಿಸಿಕೊಂಡು, ಉಳಿದ ಬ್ರಿಟಿಷ್ ಕರಾವಳಿಯ ಮೂರು ಮೈಲಿಯೊಳಗೆ ಮೀನು ಹಿಡಿಯುವುದನ್ನು ಬಿಟ್ಟುಕೊಟ್ಟಿತು. ಮೂರು ಮೈಲಿಯ ಗೆರೆ ಜೆಫರ್ಸನ್‌ನ ಕೈಯಲ್ಲಿ ಗುರಾಣಿಯಾಗಿತ್ತು, ಕಾಲು ಶತಮಾನದಲ್ಲಿ ಅದೇ ಗೆರೆ ಅಮೆರಿಕದ ಬೆಸ್ತರಿಗೆ ಬೇಲಿಯಾಯಿತು.

ತಿಮಿಂಗಿಲ ಬೇಟೆಯನ್ನು ಮೂಲ ಪ್ರಶ್ನೆಯಲ್ಲಿ ದೂರದ ನೀರಿನ ಕಥೆಯೆಂದು ಕರೆಯಲಾಗಿದೆ. ಅದು ಹುಟ್ಟಿದ್ದು ದಡದಲ್ಲಿ. ಲಾಂಗ್ ಐಲ್ಯಾಂಡ್‌ನ ಸೌತ್‌ಹ್ಯಾಂಪ್ಟನ್ ಊರಿನವರು 1644ರಲ್ಲೇ ದಡಕ್ಕೆ ಬಂದು ಬೀಳುವ ಸತ್ತ ತಿಮಿಂಗಿಲಗಳನ್ನು ಕೊಯ್ಯಲು ಊರನ್ನು ನಾಲ್ಕು ಭಾಗ ಮಾಡಿಕೊಂಡಿದ್ದರು. ಮುಂದೆ ಚಳಿಗಾಲದಲ್ಲಿ ದಡಕ್ಕೆ ಸಮೀಪವಾಗಿ ಹಾದುಹೋಗುವ ತಿಮಿಂಗಿಲಗಳನ್ನು ಕಂಬದ ಮೇಲಿನಿಂದ ಕಾದು ನೋಡಿ, ಸಣ್ಣ ದೋಣಿಗಳಲ್ಲಿ ಬೆನ್ನಟ್ಟಿ, ಎಳೆದು ತಂದು ದಡದ ಮೇಲೆಯೇ ಕಡಾಯಿಗಳಲ್ಲಿ ಕೊಬ್ಬು ಕಾಯಿಸುತ್ತಿದ್ದರು. ಲಾಂಗ್ ಐಲ್ಯಾಂಡ್‌ನಲ್ಲೂ ನಾಂಟುಕೆಟ್‌ನಲ್ಲೂ ಹುಟ್ಟು ಹಾಕಿದವರಲ್ಲಿ ಮೂಲನಿವಾಸಿಗಳ ಸಂಖ್ಯೆ ದೊಡ್ಡದು, ಮತ್ತು ಅವರಲ್ಲಿ ಅನೇಕರನ್ನು ಸಾಲದ ಬಲೆಯಲ್ಲಿ ಕಟ್ಟಿಹಾಕಲಾಗಿತ್ತು. ಹದಿನೆಂಟನೆಯ ಶತಮಾನ ಮುಂದುವರಿದಂತೆ ದಡದ ತಿಮಿಂಗಿಲಗಳು ತೀರಾ ಕಡಿಮೆಯಾದವು. ಆಳಸಾಗರಕ್ಕೆ ಹೋಗುವ ಸಾಹಸದ ಹಿಂದೆ ಬರಿದಾದ ಕರಾವಳಿ ಇದೆ.

ಮರುಪ್ರಶ್ನೆ (ಹಳೆನಕ್ಷೆ)

ಮೂವರಿಗೂ ಧನ್ಯವಾದಗಳು. ಇನ್ನೊಂದು ಸಂದೇಹ ಉಳಿಯಿತು. ಕರಾವಳಿ ಸಂಚಾರ ಅಷ್ಟು ಅನಿವಾರ್ಯವಾಗಿದ್ದರೆ, ಅದನ್ನು ಒಂದಿಷ್ಟು ಕಾಲ ನಿಲ್ಲಿಸಿದಾಗ ದೇಶಕ್ಕೆ ಏನಾಗುತ್ತಿತ್ತು ಎಂಬುದು ಕಾಣಬೇಕು. ಅಂಥ ಸಂದರ್ಭ ಇದೆಯೇ? ಜೊತೆಗೆ, ಗುಲಾಮರ ಸಾಗಣೆ ಕರಾವಳಿಯಲ್ಲೂ ನಡೆಯುತ್ತಿತ್ತೇ?

ಉತ್ತರ 4 (ಪಾಯಿಮರ)

ಎರಡು ಸಂದರ್ಭಗಳಿವೆ. ಮೊದಲನೆಯದು ತಾವೇ ತಂದುಕೊಂಡದ್ದು. 1807ರ ಡಿಸೆಂಬರ್‌ನಲ್ಲಿ, ಆಗ ಅಧ್ಯಕ್ಷನಾಗಿದ್ದ ಜೆಫರ್ಸನ್‌ನ ಸರ್ಕಾರ ವಿದೇಶಿ ವ್ಯಾಪಾರವನ್ನೇ ನಿಷೇಧಿಸಿತು. ಕರಾವಳಿ ಹಡಗುಗಳನ್ನು ನಿಷೇಧಿಸುವ ಮಾತಿರಲಿಲ್ಲ, ಏಕೆಂದರೆ ದಕ್ಷಿಣದ ಹಿಟ್ಟು ಬರದಿದ್ದರೆ ನ್ಯೂ ಇಂಗ್ಲೆಂಡಿಗೆ ರೊಟ್ಟಿಯಿಲ್ಲ. ಆ ಸಂದಿಯಿಂದಲೇ ನಿಷೇಧ ಸೋರಿತು. ಹಡಗಿನ ಮತ್ತು ಸರಕಿನ ಬೆಲೆಯ ಎರಡರಷ್ಟು ಮೊತ್ತಕ್ಕೆ ಮುಚ್ಚಳಿಕೆ ಬರೆಸಿಕೊಂಡರೂ, ಬಿರುಗಾಳಿ ತಳ್ಳಿಕೊಂಡು ಹೋಗಿ ವೆಸ್ಟ್ ಇಂಡೀಸ್ ಸೇರಿಸಿತು ಎಂದು ಹೇಳುವ ಕಪ್ತಾನರಿಗೆ ಕೊರತೆಯಿರಲಿಲ್ಲ. ಮೇನ್‌ನ ಈಸ್ಟ್‌ಪೋರ್ಟ್ ಎಂಬ ಸಣ್ಣ ಊರಿಗೆ ಅದರ ಜನ ವರ್ಷಗಟ್ಟಲೆ ತಿಂದರೂ ಮುಗಿಯದಷ್ಟು ಹಿಟ್ಟಿನ ಪೀಪಾಯಿಗಳು ಬಂದಿಳಿದವು; ಪಾಸಮಕ್ವಾಡಿ ಕೊಲ್ಲಿಯ ಆಚೆ ದಡ ಬ್ರಿಟಿಷರದ್ದು, ಮಂಜು ಮುಸುಕಿದ ರಾತ್ರಿಯಲ್ಲಿ ದೋಣಿಯಲ್ಲಿ ದಾಟಿಸುವುದು ಕಷ್ಟವೇನಲ್ಲ. ಕೊನೆಗೆ 1809ರ ಮಾರ್ಚ್‌ನಲ್ಲಿ ನಿಷೇಧವನ್ನು ಹಿಂತೆಗೆದರು.

ಎರಡನೆಯದು 1812ರ ಯುದ್ಧದ ದಿಗ್ಬಂಧನ. ಬ್ರಿಟಿಷ್ ನೌಕಾಪಡೆ ಚೆಸಪೀಕ್ ಮತ್ತು ಡೆಲವೇರ್ ಕೊಲ್ಲಿಗಳ ಬಾಯನ್ನು ಮೊದಲು ಮುಚ್ಚಿತು, 1813ರಲ್ಲಿ ನ್ಯೂಯಾರ್ಕ್‌ನಿಂದ ದಕ್ಷಿಣದ ಬಂದರುಗಳವರೆಗೆ ಹಬ್ಬಿಸಿತು, ಯುದ್ಧವನ್ನು ವಿರೋಧಿಸುತ್ತಿದ್ದ ನ್ಯೂ ಇಂಗ್ಲೆಂಡನ್ನು ಮಾತ್ರ 1814ರ ಏಪ್ರಿಲ್‌ವರೆಗೆ ಬೇಕೆಂದೇ ಬಿಟ್ಟಿತ್ತು. ಸ್ಲೂಪ್‌ಗಳು ಕಟ್ಟಿನಿಂದ ಬಿಚ್ಚಲಿಲ್ಲ. ಸಮುದ್ರದ ಮೇಲೆ ಹೋಗಬೇಕಿದ್ದ ಹತ್ತಿಯೂ ಹಿಟ್ಟೂ ಎತ್ತಿನ ಮತ್ತು ಕುದುರೆ ಗಾಡಿಗಳ ಮೇಲೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ವಾರಗಟ್ಟಲೆ ತೆವಳಿದವು. ಒಂದು ಊರಿನಲ್ಲಿ ಅಗ್ಗವಾಗಿ ಬಿದ್ದಿದ್ದ ಸಕ್ಕರೆ ಅಥವಾ ಅಕ್ಕಿ ಇನ್ನೊಂದು ಊರಿನಲ್ಲಿ ಕೈಗೆಟುಕದ ಬೆಲೆಗೆ ಏರಿತು. ಪತ್ರಿಕೆಗಳು ಈ ಗಾಡಿಗಳಿಗೆ ಹಡಗಿನ ಹೆಸರುಗಳನ್ನಿಟ್ಟು, ಗಾಡಿ ಹೊಡೆಯುವವನನ್ನು ಕಪ್ತಾನನೆಂದು ಕರೆದು, ಬಂದರಿನ ಆಗಮನ ನಿರ್ಗಮನಗಳ ಸುದ್ದಿಯ ಧಾಟಿಯಲ್ಲಿಯೇ ಗೇಲಿ ಬರೆದವು. ಫ್ರಿಗೇಟ್‌ಗಳ ಗೆಲುವುಗಳನ್ನು ಶಾಲೆಯಲ್ಲಿ ಕಲಿಸುತ್ತಾರೆ. ಆ ಯುದ್ಧ ಸಾಮಾನ್ಯ ಜನರಿಗೆ ತಟ್ಟಿದ್ದು ಮಾತ್ರ ಈ ಗಾಡಿಗಳಲ್ಲಿ.

ಖಜಾನೆ ಕಾರ್ಯದರ್ಶಿ ಗ್ಯಾಲಟಿನ್‌ಗೆ ಇದು ಮೊದಲೇ ಹೊಳೆದಿತ್ತು. 1808ರ ವರದಿಯಲ್ಲಿ ಆತ ಕೇಪ್ ಕಾಡ್, ನ್ಯೂಜೆರ್ಸಿ, ಡೆಲವೇರ್ ಮತ್ತು ಚೆಸಪೀಕ್ ನಡುವಿನ ನೆಲ, ಚೆಸಪೀಕ್ ಮತ್ತು ಆಲ್ಬೆಮಾರ್ಲ್ ಹಿನ್ನೀರಿನ ನಡುವಿನ ನೆಲ, ಈ ನಾಲ್ಕು ಕಡೆ ಕಾಲುವೆ ಕಡಿದರೆ ಹಡಗುಗಳು ಶತ್ರುವಿನ ಕಣ್ಣಿಗೆ ಬೀಳದೆ ಒಳದಾರಿಯಲ್ಲೇ ಸಾಗಬಹುದೆಂದು ಸೂಚಿಸಿದ್ದ. ಯುದ್ಧಕ್ಕೆ ಮೊದಲು ಬಳಕೆಗೆ ಬಂದಿದ್ದದ್ದು ಕೊನೆಯ ಜಾಗದಲ್ಲಿ 1805ರಲ್ಲಿ ತೆರೆದಿದ್ದ ಡಿಸ್ಮಲ್ ಸ್ವಾಂಪ್ ಎಂಬ ಸಣ್ಣ ಕಾಲುವೆ ಮಾತ್ರ. ಡೆಲವೇರ್ ಮತ್ತು ಚೆಸಪೀಕ್ ಅನ್ನು ಸೇರಿಸುವುದು 1829ರಲ್ಲಿ ಮುಗಿಯಿತು, ಕೇಪ್ ಕಾಡ್‌ನದು 1914ರಲ್ಲಿ.

ಉತ್ತರ 5 (ಸುಂಕದಕಟ್ಟೆ)

ಎರಡನೆಯ ಸಂದೇಹಕ್ಕೆ: ಹೌದು, ಮತ್ತು ಅದು ಕಾನೂನಿನ ಕಣ್ಣೆದುರೇ ನಡೆಯಿತು. 1807ರ ಮಾರ್ಚ್‌ನ ಕಾಯಿದೆ ವಿದೇಶದಿಂದ ಗುಲಾಮರನ್ನು ತರುವುದನ್ನು 1808ರ ಜನವರಿ 1ರಿಂದ ನಿಷೇಧಿಸಿತು, ಆದರೆ ದೇಶದೊಳಗಿನ ಕರಾವಳಿ ಸಾಗಣೆಯನ್ನು ನಿಷೇಧಿಸಲಿಲ್ಲ; ಅದಕ್ಕೆ ನಿಯಮ ಬರೆಯಿತು. ಮಾರಾಟಕ್ಕೆಂದು ಗುಲಾಮರನ್ನು ಒಯ್ಯುವ ಹಡಗು 40 ಟನ್ನಿಗಿಂತ ಕಡಿಮೆ ಇರಬಾರದು, ಪ್ರತಿಯೊಬ್ಬರ ಹೆಸರು, ವಯಸ್ಸು, ಲಿಂಗ, ಎತ್ತರ, ಮೈಬಣ್ಣಗಳನ್ನು ಬರೆದ ಪಟ್ಟಿಯ ಎರಡು ಪ್ರತಿಗಳನ್ನು ಸುಂಕದ ಕಚೇರಿಗೆ ಒಪ್ಪಿಸಬೇಕು. ನನ್ನ ಹಿಂದಿನ ಉತ್ತರದಲ್ಲಿ ಹೊಗಳಿದ ದೀಪಸ್ತಂಭ, ಪರವಾನಗಿ, ಸುಂಕದ ಕಚೇರಿಗಳ ವ್ಯವಸ್ಥೆಯೇ ಈ ವ್ಯಾಪಾರಕ್ಕೂ ಹಾದಿ ತೋರಿತು. ಚೆಸಪೀಕ್‌ನ ಬಂದರುಗಳಿಂದ ಫ್ಲೋರಿಡಾವನ್ನು ಸುತ್ತಿ ನ್ಯೂ ಆರ್ಲಿಯನ್ಸ್‌ಗೆ ಹೋಗುವ ಈ ದಾರಿಯ ಪಟ್ಟಿಗಳು ಸಾವಿರಾರು ಸಂಖ್ಯೆಯಲ್ಲಿ ಉಳಿದಿವೆ. ತಮ್ಮ ಪೂರ್ವಜರ ಹೆಸರು ಹುಡುಕುವ ಆಫ್ರಿಕನ್ ಅಮೆರಿಕನ್ ಕುಟುಂಬಗಳು ಇಂದು ಅವುಗಳನ್ನು ಓದುತ್ತಿವೆ.

ಆ ದಾರಿಯಲ್ಲಿ ಫ್ಲೋರಿಡಾದ ಹವಳದಿಬ್ಬಗಳಿಗೂ ಬ್ರಿಟಿಷ್ ಬಹಾಮಾ ದ್ವೀಪಗಳಿಗೂ ನಡುವೆ ಇರುವ ಜಲಮಾರ್ಗ ಕಿರಿದು. 1841ರ ನವೆಂಬರ್‌ನಲ್ಲಿ ವರ್ಜಿನಿಯಾದಿಂದ ಹೊರಟಿದ್ದ ಕ್ರಿಯೋಲ್ ಎಂಬ ಹಡಗಿನಲ್ಲಿ ಮ್ಯಾಡಿಸನ್ ವಾಷಿಂಗ್ಟನ್ ಎಂಬಾತನ ನಾಯಕತ್ವದಲ್ಲಿ ಗುಲಾಮರು ದಂಗೆಯೆದ್ದು ಹಡಗನ್ನು ಬಹಾಮಾದ ನಸಾವ್ ಬಂದರಿಗೆ ತಿರುಗಿಸಿದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಅಷ್ಟರಲ್ಲಿ ರದ್ದಾಗಿತ್ತು, ನೂರಕ್ಕೂ ಹೆಚ್ಚು ಜನ ಅಲ್ಲಿ ಬಿಡುಗಡೆ ಹೊಂದಿದರು. ಇದು ಒಂದು ಅಮೆರಿಕನ್ ಬಂದರಿನಿಂದ ಇನ್ನೊಂದಕ್ಕೆ ಹೊರಟ ಹಡಗು, ಅದರ ಮೇಲೆ ತನ್ನ ಕಾನೂನೇ ಅನ್ವಯಿಸಬೇಕು ಎಂದು ಅಮೆರಿಕ ವಾದಿಸಿತು. ತನ್ನ ಬಂದರಿನೊಳಗೆ ಬಂದ ಮೇಲೆ ತನ್ನ ಕಾನೂನೇ ಎಂದು ಬ್ರಿಟನ್ ಉತ್ತರಿಸಿತು. ಮಾಲೀಕರಿಗೆ ಪರಿಹಾರ ಕೊಡಬೇಕೆಂದು ಮಧ್ಯಸ್ಥಿಕೆಯಲ್ಲಿ ತೀರ್ಮಾನವಾದದ್ದು 1855ರಲ್ಲಿ. ಬಿಡುಗಡೆಯಾದವರನ್ನು ಯಾರೂ ಹಿಂದಕ್ಕೆ ಕರೆತರಲಾಗಲಿಲ್ಲ.